ಮೂರು ಹಾಡಿನ ಹೆಸರು ಕೇಳಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ಹುಬ್ಬಳ್ಳಿಯ ಒಂದು ಆಹಾರ ಮೇಳದಲ್ಲಿ ನಡೆದ ಸಂಗತಿ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ನನ್ನ ಮಗಳಿಗೆ 19 ವರ್ಷ. ಬಿ.ಕಾಂ. ಓದುತ್ತಿದ್ದಾಳೆ. ಅವತ್ತು ಗೆಳತಿಯರ ಜೊತೆ ಗಿರ್ಮಿಟ್ ಮಿರ್ಚಿ ತಿನ್ನಲು ಮೇಳಕ್ಕೆ ಹೋಗಿದ್ದಳು. ಮೈಮೇಲೆ ಹಳೆಯ ಕಪ್ಪು ಟೀ ಶರ್ಟ್ ಇತ್ತು. ಅದರ ಎದೆಯ ಮೇಲೆ ಒಂದು ತ್ರಿಕೋನ. ಎಡಗಡೆಯಿಂದ ಒಂದು ಬಿಳಿ ಗೆರೆ ಬಂದು ಅದಕ್ಕೆ ತಾಗುತ್ತದೆ, ಬಲಗಡೆಯಿಂದ ಬಣ್ಣಗಳಾಗಿ ಹೊರಗೆ ಹರಿಯುತ್ತದೆ. ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲಿಷ್ ರಾಕ್ ಸಂಗೀತ ತಂಡದ 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಆಲ್ಬಮ್ಮಿನ ಚಿತ್ರ ಅದು. ವೇದಿಕೆಯ ಹತ್ತಿರ ಮೈಕ್ ಹಿಡಿದಿದ್ದ ನಿರೂಪಕರು ಅವಳನ್ನು ನಿಲ್ಲಿಸಿದರು. ‘ಪಿಂಕ್ ಫ್ಲಾಯ್ಡ್ ಫ್ಯಾನಾ ನೀವು? ಹಾಗಾದ್ರೆ ಅವರ ಮೂರು ಹಾಡಿನ ಹೆಸರು ಹೇಳಿ ನೋಡೋಣ’ ಅಂದರು. ಅವಳಿಗೆ ಗೊತ್ತಿರಲಿಲ್ಲ. ‘ಗೊತ್ತಿಲ್ಲ ಸರ್, ಇದು ಅಮ್ಮನ ಶರ್ಟ್’ ಅಂದಳು. ಅವರು ಅದನ್ನೇ ಮೈಕಿನಲ್ಲಿ ಎರಡು ಸಲ ಹೇಳಿದರು. ‘ಅಮ್ಮನ ಶರ್ಟ್ ಅಂತೆ! ಅಮ್ಮನ ಶರ್ಟ್ ಅಂತೆ!’ ಸುತ್ತ ನಿಂತವರೆಲ್ಲ ನಕ್ಕರು.

ಅವಳ ಪಕ್ಕದಲ್ಲೇ ಇಬ್ಬರು ಹುಡುಗರು ಇನ್ನೊಂದು ರಾಕ್ ತಂಡವಾದ ರೋಲಿಂಗ್ ಸ್ಟೋನ್ಸ್‌ನ ನಾಲಿಗೆ ಚಿತ್ರದ ಶರ್ಟ್ ಹಾಕಿಕೊಂಡು ನಿಂತಿದ್ದರಂತೆ. ಅವರನ್ನು ಯಾರೂ ಏನೂ ಕೇಳಲಿಲ್ಲ.

ಮಗಳು ಮನೆಗೆ ಬಂದವಳು ಶರ್ಟ್ ಬಿಚ್ಚಿ, ಒಗೆದು, ಮಡಚಿ, ನನ್ನ ಅಲ್ಮೇರಾದ ಕೆಳಗಿನ ಖಾನೆಯಲ್ಲಿ ಇಟ್ಟಳು. ‘ಇನ್ನು ಇದು ನನಗೆ ಬೇಡ ಅಮ್ಮಾ’ ಅಂದಳು. ಅಷ್ಟೇ.

ಆ ನಿರೂಪಕರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಅದು ನಿಜವಾಗಿಯೂ ಅಮ್ಮನ ಶರ್ಟ್. ಅದನ್ನು ಪ್ರಿಂಟ್ ಮಾಡಿದವಳೂ ಅಮ್ಮನೇ.

ದಾಜಿಬಾನಪೇಟೆಯ ಒಂದು ಓಣಿಯಲ್ಲಿ ನಮ್ಮದು ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ನಮ್ಮ ಅಪ್ಪ ಹಾಕಿದ್ದು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಂಗೀತ ಸಭೆಗಳ ಆಮಂತ್ರಣ, ಗಣೇಶ ಮಂಡಳಿಯ ಬ್ಯಾನರು, ಇದೇ ನಮ್ಮ ಕೆಲಸ. ನಾನು ಪಿಯುಸಿ ಮುಗಿಸಿ ಅಪ್ಪನ ಜೊತೆ ಕೆಲಸಕ್ಕೆ ನಿಂತೆ. 1992ರಲ್ಲಿ, ನನಗೆ 20 ವರ್ಷವಿದ್ದಾಗ, ವಿದ್ಯಾನಗರದ ಕಡೆಯಿಂದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಬಂದ. ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ಒಂದು ದೊಡ್ಡ ರೆಕಾರ್ಡಿನ ಕವರು ಅವನ ಕೈಯಲ್ಲಿತ್ತು. ಇದೇ ತ್ರಿಕೋನ. 12 ಟೀ ಶರ್ಟ್ ಬೇಕು, ಹಾಸ್ಟೆಲಿನ ಗೆಳೆಯರಿಗೆ ಅಂದ.

ನಾನು ಕವರನ್ನು ಬೆಳಕಿಗೆ ಹಿಡಿದು ಬಣ್ಣ ಎಣಿಸಿದೆ. ಎಷ್ಟು ಬಣ್ಣವೋ ಅಷ್ಟು ಸ್ಕ್ರೀನ್, ಅಂದರೆ ಬಣ್ಣ ಇಳಿಸುವ ಜಾಲರಿಯ ಚೌಕಟ್ಟು, ಬೇಕು, ಹಾಗಾಗಿ ನಾವು ಮೊದಲು ಮಾಡುವ ಕೆಲಸವೇ ಅದು. ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ. ಆರೇ ಇದ್ದವು. ಕಾಮನಬಿಲ್ಲಿಗೆ ಏಳು ಬಣ್ಣ ಅಂತ ನಾವು ಶಾಲೆಯಲ್ಲಿ ಕಲಿತಿದ್ದೇವಲ್ಲ. ಕವರು ಛಾಪಿಸಿದವರು ಒಂದು ಬಣ್ಣ ಬಿಟ್ಟಿದ್ದಾರೆ, ನಾನು ಸೇರಿಸಿಕೊಡಲಾ ಅಂತ ಕೇಳಿದೆ. ಅವನು ಗಾಬರಿಯಾಗಿ, ‘ಬೇಡ ಬೇಡ, ಅದು ಇರೋದೇ ಹಾಗೆ’ ಅಂದ. ಅವನು ಹೇಳಿದ್ದೇ ಸರಿ. ಲಂಡನ್ನಿನ ಹಿಪ್ನೋಸಿಸ್ ಎಂಬ ವಿನ್ಯಾಸ ಸಂಸ್ಥೆ ಮಾಡಿದ ಕವರು ಅದು. ಸ್ಟಾರ್ಮ್ ಥಾರ್ಗರ್ಸನ್ ಅದರ ಹಿಂದಿನ ಕಲಾವಿದ, ಚಿತ್ರ ಬಿಡಿಸಿದವರು ಜಾರ್ಜ್ ಹಾರ್ಡಿ. ಅವರ ಚಿತ್ರದಲ್ಲಿ ನೀಲಿಗೂ ನೇರಳೆಗೂ ನಡುವಿನ ಕಡುನೀಲಿ ಇಲ್ಲವೇ ಇಲ್ಲ. ಈ ಹೆಸರುಗಳೆಲ್ಲ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಕಪ್ಪು ಬಟ್ಟೆಯ ಮೇಲೆ ಬಣ್ಣ ಸುಮ್ನೆ ಹಾಕಿದರೆ ಕಾಣುವುದಿಲ್ಲ. ಬಟ್ಟೆ ಬಣ್ಣವನ್ನು ನುಂಗಿಬಿಡುತ್ತದೆ. ಮೊದಲು ಅಡಿಯಲ್ಲಿ ಬಿಳಿ ಹೊಡೆಯಬೇಕು. ನಾವು ಅದಕ್ಕೆ ಖಾದಿ ವೈಟ್ ಅನ್ನುತ್ತೇವೆ, ಗಟ್ಟಿ ಪೇಸ್ಟು. ಅದು ಒಣಗಿದ ಮೇಲೆ ಒಂದೊಂದೇ ಬಣ್ಣ. ಹಾಗಾಗಿ ಆರು ಬಣ್ಣಕ್ಕೆ ಆರು, ಬಿಳಿಗೆ ಒಂದು, ಒಟ್ಟು ಏಳು ಸ್ಕ್ರೀನ್ ಆಯಿತು. ಆಗ ಕಂಪ್ಯೂಟರ್ ಇರಲಿಲ್ಲ. ಟ್ರೇಸಿಂಗ್ ಪೇಪರಿನ ಮೇಲೆ ಕಪ್ಪು ಶಾಯಿಯಲ್ಲಿ ಕೈಯಿಂದಲೇ ಏಳು ಪಾಸಿಟಿವ್, ಅಂದರೆ ಒಂದೊಂದು ಸ್ಕ್ರೀನಿಗೆ ಒಂದೊಂದು ಮೂಲ ಚಿತ್ರ, ಬಿಡಿಸಿದೆ. ಸ್ಕ್ರೀನುಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಿಡಿದು ಎಕ್ಸ್‌ಪೋಸ್ ಮಾಡಿದೆವು, ಅಂದರೆ ಬಿಸಿಲಿನಿಂದ ಚಿತ್ರವನ್ನು ಜಾಲರಿಯ ಮೇಲೆ ಇಳಿಸಿದೆವು. ಒಂದು ಮೋಡ ಅಡ್ಡ ಬಂದರೆ ಆ ಸ್ಕ್ರೀನ್ ಕೆಟ್ಟಿತು ಅಂತಲೇ ಅರ್ಥ. ಎರಡು ಸಲ ಕೆಟ್ಟಿತು.

ಮೊದಲನೇ ಶರ್ಟ್ ಯಾವಾಗಲೂ ಟ್ರಯಲ್. ಅದರಲ್ಲಿ ಹಸಿರು ಬಣ್ಣ ಕೂದಲೆಳೆಯಷ್ಟು ಕೆಳಗೆ ಸರಿಯಿತು. ಹಳದಿಗೂ ಹಸಿರಿಗೂ ನಡುವೆ ಅಡಿಯ ಬಿಳಿ ಒಂದು ಸಣ್ಣ ಗೆರೆಯಾಗಿ ಇಣುಕಿತು. ಅದನ್ನು ಗಿರಾಕಿಗೆ ಕೊಡುವ ಹಾಗಿಲ್ಲ. ಅಪ್ಪ ನೋಡಿ, ‘ಯಾವ ಕಂಪನೀದವ್ವಾ ಇದು?’ ಅಂತ ಕೇಳಿದರು. ನನಗೂ ಗೊತ್ತಿರಲಿಲ್ಲ. ಆದರೆ ಆ ಚಿತ್ರವನ್ನು ಏಳು ಸಲ ಬಿಡಿಸಿದ್ದೆ. ಬೆಳಕು ಒಳಗೆ ಹೋಗಿ ಬಣ್ಣವಾಗಿ ಹೊರಗೆ ಬರುವುದು ನನಗೆ ತುಂಬ ಇಷ್ಟವಾಗಿತ್ತು. ಆ ಟ್ರಯಲ್ ಶರ್ಟನ್ನು ನಾನೇ ಇಟ್ಟುಕೊಂಡೆ. ಬಣ್ಣ ಸಿಡಿಯುವ ಕೆಲಸ ನಮ್ಮದು, ಹಾಗಾಗಿ ಚೂಡಿದಾರದ ಮೇಲೆ ಅದನ್ನೇ ಹಾಕಿಕೊಂಡು ಕೆಲಸ ಮಾಡುತ್ತಿದ್ದೆ.

ಶರ್ಟ್ ತೆಗೆದುಕೊಂಡು ಹೋಗಲು ಬಂದಾಗ ಆ ಹುಡುಗನನ್ನು ಕೇಳಿದೆ, ಈ ರೆಕಾರ್ಡಿನಲ್ಲಿ ಏನಿದೆ ಅಂತ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. ಕವರು ಅವನ ಮಾಮನದು. ಹಾಸ್ಟೆಲಿನಲ್ಲಿ ಪ್ಲೇಯರ್ ಇಲ್ಲ. ಅವನು ಅದನ್ನು ಕೇಳಿದ್ದು ಒಂದೇ ಸಲ, ರಜೆಯಲ್ಲಿ ಪುಣೆಗೆ ಹೋದಾಗ. ಉಳಿದ 11 ಹುಡುಗರು ಒಂದು ಸಲವೂ ಕೇಳಿರಲಿಲ್ಲ. ಇವನು ರಾತ್ರಿ ಹಾಸ್ಟೆಲಿನ ಕಟ್ಟೆಯ ಮೇಲೆ ಕೂತು ಅದರಲ್ಲಿ ಏನೇನಿದೆ ಅಂತ ವರ್ಣಿಸಿದ್ದ. ಎದೆಬಡಿತದ ಸದ್ದಿನಿಂದ ಶುರುವಾಗುತ್ತದೆ, ಒಮ್ಮೆಲೇ ನೂರು ಗಡಿಯಾರ ಬಾರಿಸಿದ ಹಾಗೆ ಆಗುತ್ತದೆ ಅಂತ. ಅದನ್ನು ಕೇಳಿಯೇ ಅವರೆಲ್ಲ ದುಡ್ಡು ಕೂಡಿಸಿದ್ದರು.

ಸಂಪಾದಕರೇ, ಆ ಹನ್ನೆರಡು ಹುಡುಗರಿಗೆ ಯಾರಾದರೂ ಮೈಕ್ ಹಿಡಿದು ಮೂರು ಹಾಡು ಹೇಳಿ ಅಂದಿದ್ದರೆ? ಅವರ ಪ್ರೀತಿ ಸುಳ್ಳು ಅಂತ ಆಗುತ್ತಿತ್ತಾ?

ಅವತ್ತಿನ ಹುಬ್ಬಳ್ಳಿಯಲ್ಲಿ ಇಂಥ ಕ್ಯಾಸೆಟ್ ಸಿಗುವುದು ಕಷ್ಟವಿತ್ತು. ಬೆಂಗಳೂರಿನಿಂದಲೋ ಪುಣೆಯಿಂದಲೋ ಯಾರಾದರೂ ತರಬೇಕು. ಹೊರಗೆ ನೆಂಟರಿದ್ದವರ ಮನೆಯಲ್ಲಿ ಸಂಗೀತ ಇತ್ತು. ನಮ್ಮಂಥವರಿಗೆ ಬರೀ ಚಿತ್ರ ಬಂತು. ಹಾಡು ಬರುವ ಮೊದಲು ಅಂಗಿ ಬಂತು. ನನಗಂತೂ ಅಂಗಿ ಬಂದ 11 ವರ್ಷದ ಮೇಲೆ ಹಾಡು ಬಂತು.

2003ರಲ್ಲಿ ಡಿಸೈನ್ ಮಾಡಲು ಅಂಗಡಿಗೆ ಕಂಪ್ಯೂಟರ್ ತಂದೆವು. ಅದನ್ನು ಜೋಡಿಸಲು ಬಂದ ಹುಡುಗ ನನ್ನ ಶರ್ಟ್ ನೋಡಿ, ‘ಅಕ್ಕಾ, ಇದು ನನ್ನ ಹತ್ರ ಇದೆ’ ಅಂತ ಹೇಳಿ, ಒಂದು ಸಿಡಿ ಹಾಕಿಕೊಟ್ಟ. ಅವತ್ತು ರಾತ್ರಿ ಒಂದು ಶಾಲೆಯ ಕ್ರೀಡಾಕೂಟದ 200 ಬನಿಯನ್ ಪ್ರಿಂಟ್ ಮಾಡುವುದಿತ್ತು. ಕೆಲಸ ಮಾಡುತ್ತಲೇ ಕೇಳಿದೆ. ಎದೆಬಡಿತ ಬಂತು. ಗಡಿಯಾರಗಳು ಬಂದವು. ಇಂಗ್ಲಿಷ್ ಮಾತು ನನಗೆ ಜಾಸ್ತಿ ತಿಳಿಯಲಿಲ್ಲ. ಆಮೇಲೆ ಒಬ್ಬ ಹೆಂಗಸು ಹಾಡಲು ಶುರು ಮಾಡಿದಳು. ಅವಳ ಹಾಡಿನಲ್ಲಿ ಮಾತೇ ಇಲ್ಲ. ಬರೀ ದನಿ. ಏರುತ್ತದೆ, ಒಡೆಯುತ್ತದೆ, ಇಳಿಯುತ್ತದೆ, ಕೊನೆಗೆ ಪಿಸುಮಾತಿನ ಹಾಗೆ ಆಗುತ್ತದೆ. ನಾನು ಬಣ್ಣ ಎಳೆಯುವ ಸ್ಕ್ವೀಜಿ ಕೆಳಗಿಟ್ಟು ಕೂತುಬಿಟ್ಟೆ.

ನಾನು ಹುಬ್ಬಳ್ಳಿಯ ಹುಡುಗಿ. ಧಾರವಾಡ ಆಕಾಶವಾಣಿ ಕೇಳಿ ಬೆಳೆದವಳು. ಗಂಗೂಬಾಯಿ ಹಾನಗಲ್ಲರ ಆಲಾಪ ನಮ್ಮ ಅಂಗಡಿಯ ರೇಡಿಯೋದಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಮಾತಿಲ್ಲದೆ ದನಿ ಅಳುವುದು ಅಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ, ಸಂಗೀತ ಬಲ್ಲವರು ಬೈಯುತ್ತಾರೆ. ಆದರೆ ಕೂತು ಕೇಳುವ ಶಕ್ತಿ ನನಗೆ ಬಂದದ್ದು ಆ ರೇಡಿಯೋದಿಂದಲೇ. ಸಿಡಿಯಲ್ಲಿ ಮಾತಿಲ್ಲದೆ ಹಾಡಿದ ಆ ಹೆಂಗಸಿನ ಹೆಸರು ಕ್ಲೇರ್ ಟಾರಿ. ಆ ದಿನದ ಹಾಡಿಕೆಗೆ ಅವರಿಗೆ ಸಿಕ್ಕಿದ್ದು 30 ಪೌಂಡು. ಹಾಡು ಕಟ್ಟಿದವರ ಸಾಲಿನಲ್ಲಿ ತನ್ನ ಹೆಸರೂ ಬರಬೇಕು ಅಂತ ಅವರು ಕೋರ್ಟಿಗೆ ಹೋದರು. 2005ರಲ್ಲಿ ಅದು ರಾಜಿಯಾಗಿ ಅವರ ಹೆಸರು ಸೇರಿತು. ಮೂವತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು ನೋಡಿ.

‘ಗೊತ್ತಿಲ್ಲದ ಮೇಲೆ ಯಾಕೆ ಹಾಕಿಕೊಳ್ಳಬೇಕು?’ ಅಂತ ಕೆಲವರು ಕೇಳುತ್ತಾರೆ. ನಮ್ಮ ಓಣಿಯಲ್ಲೇ ಕೇಳಿದವರಿದ್ದಾರೆ. ನಾನು ಅವರಿಗೆ ಇಷ್ಟೇ ಹೇಳುತ್ತೇನೆ. ನಮ್ಮ ಊರಿನ ಎಷ್ಟು ಖಾನಾವಳಿ, ಎಷ್ಟು ಚಹಾದಂಗಡಿಗಳಲ್ಲಿ ಭೀಮಸೇನ ಜೋಶಿಯವರ ಫೋಟೋ ಇದೆ. ಗಲ್ಲೆಯ ಮೇಲೆ ಕೂತವರಿಗೆ ಯಾರಾದರೂ ‘ಮೂರು ರಾಗ ಹೇಳಿ, ಆಮೇಲೆ ಫೋಟೋ ಹಾಕಿ’ ಅನ್ನುತ್ತಾರಾ? ಇಲ್ಲ ಅಲ್ವಾ. ಗೌರವ ಇದೆ, ಅದಕ್ಕೆ ಹಾಕಿದ್ದಾರೆ ಅಂತ ಸುಮ್ಮನಾಗುತ್ತೇವೆ. ಭೀಮಸೇನರೇ ಸಣ್ಣವರಿದ್ದಾಗ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಒಂದು ರೆಕಾರ್ಡು ಕೇಳಿ ಮರುಳಾದವರು. 1933ರಲ್ಲಿ, 11ನೇ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಗದಗ ಬಿಟ್ಟು ಹೋದರು. ಅವರು ಮನೆಯ ಬಾಗಿಲು ದಾಟುವಾಗ ಯಾರೂ ಪರೀಕ್ಷೆ ಮಾಡಲಿಲ್ಲವಲ್ಲ. ಮೊದಲು ಮನಸ್ಸು ಹೋಗುತ್ತದೆ, ತಿಳಿವಳಿಕೆ ಹಿಂದಿನಿಂದ ಬರುತ್ತದೆ.

ಈಗ ಫೋನಿನಲ್ಲೇ ಎಲ್ಲ ಸಿಗುತ್ತದೆ, ಕೇಳದೇ ಇರಲು ನೆಪವಿಲ್ಲ ಅನ್ನಬಹುದು. ಒಪ್ಪುತ್ತೇನೆ. ಆದರೆ 19 ವರ್ಷದ ಹುಡುಗಿಗೆ ಮುಂದೆ ಕೇಳಲು ಎಷ್ಟೊಂದು ವರ್ಷಗಳಿವೆ. ಗೊತ್ತಿದ್ದವರು ಒಂದು ಹಾಡಿನ ಹೆಸರು ಹೇಳಿಕೊಟ್ಟರೆ ಅವಳು ಅವತ್ತು ರಾತ್ರಿಯೇ ಕೇಳುತ್ತಿದ್ದಳು. ಆ ಕಂಪ್ಯೂಟರ್ ಹುಡುಗ ನನ್ನನ್ನೂ ಪರೀಕ್ಷೆ ಮಾಡಬಹುದಿತ್ತು. ಅವನು ಮಾಡಿದ್ದು ಸಿಡಿ ಹಾಕಿಕೊಟ್ಟದ್ದು. ನಗೆಗೀಡಾಗಿ ಮನೆಗೆ ಬಂದ ಮಗು ಆ ಹಾಡಿನ ಹತ್ತಿರ ಯಾಕೆ ಹೋಗುತ್ತದೆ ಹೇಳಿ.

ಗೊತ್ತಿದ್ದವರು ಹೇಳಿಕೊಡಬೇಕು ಅಂತ ಬರೆದ ಮೇಲೆ ನಾನೂ ಹೇಳಬೇಕಲ್ಲ. ನನಗೆ ಹಾಡಿಗಿಂತ ಚಿತ್ರದ ಕಥೆ ಜಾಸ್ತಿ ಗೊತ್ತು. ನಮ್ಮ ಬೀದಿಗಳಲ್ಲಿ ದಿನಾ ಕಾಣುವ ಕೆಲವು ಶರ್ಟುಗಳ ಬಗ್ಗೆ ಇಲ್ಲಿ ಬರೆಯುತ್ತೇನೆ. ಹಾಕಿಕೊಳ್ಳುವ ಮಕ್ಕಳು ಯಾರಾದರೂ ಓದಲಿ.

ಆ ಕೆಂಪು ತುಟಿ, ಹೊರಚಾಚಿದ ನಾಲಿಗೆ. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಬೆಂಗಳೂರಿಗೆ ಬಂದು ಹಾಡಿದರು. ಆಗ ಇಲ್ಲಿಂದ ರೈಲು ಹತ್ತಿ ಹೋದ ಹುಡುಗರು ನನ್ನ ಹತ್ತಿರ ಈ ಶರ್ಟ್ ಮಾಡಿಸಿಕೊಂಡು ಹೋಗಿದ್ದರು. ಪಕ್ಕದ ಮನೆಯ ಅಜ್ಜಿ ಅದನ್ನು ನೋಡಿ, ‘ಇದೇನು ಅಸಹ್ಯ, ನಾಲಿಗೆ ಹಿರಿದು ತೋರಿಸೋದು’ ಅಂತ ಬೇಜಾರು ಮಾಡಿಕೊಂಡರು. ಆ ನಾಲಿಗೆಯ ಮೂಲ ನನಗೆ ಆಗ ಗೊತ್ತಿದ್ದರೆ ಅಜ್ಜಿಗೆ ಹೇಳುತ್ತಿದ್ದೆ. 1970ರಲ್ಲಿ ಜಾನ್ ಪ್ಯಾಶ್ ಎಂಬ ಲಂಡನ್ನಿನ ಕಲಾ ವಿದ್ಯಾರ್ಥಿ ಅದನ್ನು ಬಿಡಿಸಿದ. ಹಾಡುಗಾರ ಮಿಕ್ ಜಾಗರ್ ಅವನಿಗೆ ತೋರಿಸಿದ್ದು ನಮ್ಮ ಕಾಳಿಯ ಚಿತ್ರ. ನಾಲಿಗೆ ಚಾಚಿದ ಕಾಳಿ. ಅದರಿಂದ ಹುಟ್ಟಿದ್ದು ಈ ಗುರುತು. ಆ ಹುಡುಗನಿಗೆ ಕೊಟ್ಟದ್ದು 50 ಪೌಂಡು. ಆ ಅಜ್ಜಿ ಪ್ರತಿ ಶುಕ್ರವಾರ ದುರ್ಗದಬೈಲಿನ ದೇವಿಗೆ ಹೂವು ಒಯ್ಯುತ್ತಿದ್ದರು. ಈಗ ಅವರಿಲ್ಲ. ಇದನ್ನು ಹೇಳಲಿಕ್ಕೆ ಆಗಲಿಲ್ಲವಲ್ಲ ಅಂತ ನನಗೆ ಈಗಲೂ ಅನಿಸುತ್ತದೆ.

ಇನ್ನು ಕ್ವೀನ್ ತಂಡದ ಶರ್ಟ್. ಎರಡು ಸಿಂಹ, ಒಂದು ಏಡಿ, ಇಬ್ಬರು ಯಕ್ಷಿಣಿಯರು. ಕಾಲೇಜು ಹುಡುಗರು ಅದನ್ನು ಯಾವುದೋ ದೇಶದ ರಾಜಮುದ್ರೆ ಅಂದುಕೊಂಡಿರುತ್ತಾರೆ. ಅವು ತಂಡದ ನಾಲ್ವರ ರಾಶಿಗಳು. ಇಬ್ಬರದು ಸಿಂಹ, ಒಬ್ಬರದು ಕರ್ಕಾಟಕ, ಒಬ್ಬರದು ಕನ್ಯಾ. ಬಿಡಿಸಿದವನು ಹಾಡುಗಾರ ಫ್ರೆಡ್ಡಿ ಮರ್ಕ್ಯುರಿಯೇ. ಅವನ ಹುಟ್ಟು ಹೆಸರು ಫಾರೂಕ್ ಬಲ್ಸಾರಾ, ಪಾರ್ಸಿ ಮನೆತನದವನು, 1946ರಲ್ಲಿ ಜಾಂಜಿಬಾರ್‌ನಲ್ಲಿ ಹುಟ್ಟಿದ. ಶಾಲೆ ಓದಿದ್ದು ಎಲ್ಲಿ ಗೊತ್ತಾ? ಪಂಚಗಣಿಯಲ್ಲಿ. ನಮ್ಮ ಹುಬ್ಬಳ್ಳಿಯ ಪಕ್ಕದಲ್ಲಿ ಹಾದುಹೋಗುವ ಪುಣೆ ಹೆದ್ದಾರಿಯಲ್ಲೇ ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ ಎಡಕ್ಕೆ ತಿರುಗಿದರೆ ಸಿಗುವ ಊರು. ಅಲ್ಲಿ ಹುಡುಗರ ಒಂದು ಬ್ಯಾಂಡಿನಲ್ಲಿ ಪಿಯಾನೋ ನುಡಿಸುತ್ತಿದ್ದ. ಅದೇ ತಂಡದ ಗಿಟಾರ್ ವಾದಕ ಬ್ರಯಾನ್ ಮೇ 2007ರಲ್ಲಿ ಖಗೋಳ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಆಗ ಅವರಿಗೆ ಅರವತ್ತು. ನನ್ನ ಹತ್ತಿರ ಬರುವ ವಿಜ್ಞಾನ ಮಾಸ್ತರರೊಬ್ಬರಿಗೆ ಇದನ್ನು ಹೇಳಿದಾಗ ಅವರು ತುಂಬ ಖುಷಿಪಟ್ಟರು.

ಎಸಿ ಡಿಸಿ ಅಂತ ನಡುವೆ ಮಿಂಚು ಇರುವ ಶರ್ಟ್ ಇದೆಯಲ್ಲ, ಆ ಹೆಸರು ಸಿಕ್ಕಿದ್ದು ಅದೇ ಹೆಸರಿನ ರಾಕ್ ತಂಡದಲ್ಲಿದ್ದ ಅಣ್ಣತಮ್ಮಂದಿರ ಅಕ್ಕನಿಗೆ. ಹೊಲಿಗೆ ಯಂತ್ರದ ಮೇಲೆ ಬರೆದಿದ್ದನ್ನು ನೋಡಿ ಅವಳು ಸೂಚಿಸಿದ್ದು ಅಂತ ಅವರೇ ಹೇಳಿಕೊಂಡಿದ್ದಾರೆ. ನಮ್ಮ ಓಣಿಯ ಟೇಲರ್ ಅಣ್ಣನವರಿಗೆ ಈ ಕಥೆ ಬಹಳ ಪ್ರೀತಿ.

ಒಂದು ತಪ್ಪನ್ನೂ ಇಲ್ಲೇ ಒಪ್ಪಿಕೊಳ್ಳಬೇಕು. ಈ ಚಿತ್ರಗಳನ್ನು ನಾವು ವರ್ಷಗಟ್ಟಲೆ ಯಾರ ಅನುಮತಿಯೂ ಇಲ್ಲದೆ ಪ್ರಿಂಟ್ ಮಾಡಿದೆವು. ಅನುಮತಿ ಬೇಕು ಅಂತಲೇ ನಮಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ, 2015ರಿಂದ, ನಿಲ್ಲಿಸಿದ್ದೇನೆ. 30 ಪೌಂಡು, 50 ಪೌಂಡಿನ ಕಥೆ ಓದಿದ ಮೇಲೆ ನನ್ನ ಕೈ ಮುಂದೆ ಹೋಗಲಿಲ್ಲ. ನಾನೂ ಚಿತ್ರ ಬಿಡಿಸಿ ಹೊಟ್ಟೆ ಹೊರೆಯುವವಳು. ನನ್ನ ಡಿಸೈನನ್ನು ಬೇರೆ ಅಂಗಡಿಯವರು ಎತ್ತಿಕೊಂಡಾಗ ನನಗೆ ಎಷ್ಟು ನೋವಾಗಿತ್ತು ಅಂತ ನನಗೆ ಗೊತ್ತು. ಈಗ ಯಾರಾದರೂ ಬ್ಯಾಂಡ್ ಶರ್ಟ್ ಕೇಳಿಕೊಂಡು ಬಂದರೆ, ಲೈಸೆನ್ಸ್ ಇರುವುದನ್ನೇ ಕೊಳ್ಳಿ, ಸ್ವಲ್ಪ ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ, ಲೇಬಲ್ ನೋಡಿ ತೆಗೆದುಕೊಳ್ಳಿ ಅಂತ ಹೇಳಿ ಕಳಿಸುತ್ತೇನೆ. ಕಾಲೇಜು ಫೆಸ್ಟು, ಕ್ರಿಕೆಟ್ ಟೀಮು, ಗಣೇಶ ಮಂಡಳಿಯ ಶರ್ಟುಗಳಲ್ಲಿ ನಮ್ಮ ಅಂಗಡಿ ನಡೆಯುತ್ತಿದೆ.

ಹುಡುಗಿಯರ ಮಾತನ್ನು ಬಿಡಿಸಿ ಹೇಳಬೇಕು. ಮಗಳ ಘಟನೆಯಾದ ಮೇಲೆ ಅಂಗಡಿಗೆ ಬರುವ ಕಾಲೇಜು ಹುಡುಗಿಯರನ್ನು ನಾನು ಕೇಳಿ ನೋಡಿದೆ. ‘ಆಂಟಿ, ಇದು ಯಾವಾಗಲೂ ಆಗ್ತದೆ’ ಅಂತ ಒಬ್ಬಳು ಅಂದಳು. ಕ್ಲಾಸಿನಲ್ಲಿ, ಬಸ್ಸಿನಲ್ಲಿ, ಗೆಳೆಯರ ಮನೆಯಲ್ಲಿ. ‘ಇವರ ಡ್ರಮ್ಮರ್ ಯಾರು ಹೇಳು’, ‘ಮೊದಲ ಆಲ್ಬಮ್ ಯಾವುದು ಹೇಳು’. ಹೇಳಿದರೆ ಮತ್ತೊಂದು ಪ್ರಶ್ನೆ. ಹೇಳದಿದ್ದರೆ ನಗು. ಇನ್ನೊಬ್ಬಳಿಗೆ ಲೆಡ್ ಜೆಪ್ಲಿನ್ ಎಂಬ ರಾಕ್ ತಂಡ ಅಂದರೆ ಪ್ರಾಣ. ಗಿಟಾರ್ ಕಲಿಯುತ್ತಿದ್ದಾಳೆ. ಅವಳೂ ಶರ್ಟ್ ಹಾಕುವುದನ್ನು ಬಿಟ್ಟಿದ್ದಾಳೆ. ಎಲ್ಲ ಗೊತ್ತಿದ್ದರೂ ಬಿಟ್ಟಿದ್ದಾಳೆ. ಇದನ್ನು ಕೇಳಿದಾಗ ನನಗೆ ಅಳು ಬಂತು. ಆ ಪ್ರಶ್ನೆಗಳಿಗೂ ಸಂಗೀತಕ್ಕೂ ಸಂಬಂಧವೇ ಇಲ್ಲ.

ಆ ನಿರೂಪಕರ ಮೇಲೆ ನನಗೆ ದ್ವೇಷವಿಲ್ಲ. ಅವರಿಗೂ ಪಿಂಕ್ ಫ್ಲಾಯ್ಡ್ ಇಷ್ಟವಿರಬೇಕು. ಇಷ್ಟವಿದ್ದವರೇ ಹೀಗೆ ಮಾಡಿದರಲ್ಲ ಅನ್ನುವುದೇ ನನ್ನ ಸಂಕಟ. ಮೇಳ, ಫೆಸ್ಟು ನಡೆಸುವ ಎಲ್ಲರಿಗೂ ನನ್ನ ಕೈಮುಗಿದ ಕೋರಿಕೆ ಇದೆ. ಮೈಕ್ ಹಿಡಿದು ಮಕ್ಕಳನ್ನು ನಿಲ್ಲಿಸುವುದಾದರೆ, ಈ ಶರ್ಟ್ ನಿನಗೆ ಎಲ್ಲಿ ಸಿಕ್ಕಿತು ಅಂತ ಕೇಳಿ. ನನ್ನ ಮಗಳಿಗೆ ಹಾಗೆ ಕೇಳಿದ್ದರೆ ಹೇಳಲು ಎಷ್ಟೊಂದಿತ್ತು. ಹಳದಿಗೂ ಹಸಿರಿಗೂ ನಡುವಿನ ಆ ಬಿಳಿ ಗೆರೆಯನ್ನೂ ತೋರಿಸುತ್ತಿದ್ದಳು.

ನಿಮ್ಮ ಪತ್ರಿಕೆಗೂ ಒಂದು ಮಾತು. ಈ ಸಂಗೀತದ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ಬಹಳ ಕಡಿಮೆ. ನಾನು ತಿಳಿದುಕೊಂಡದ್ದೆಲ್ಲ ನಿಘಂಟು ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷಿನಲ್ಲಿ ಓದಿದ್ದು. ಒಂದೊಂದು ಪುಟಕ್ಕೆ ಒಂದೊಂದು ರಾತ್ರಿ ಹೋಗಿದೆ. ನಿಮ್ಮ ವಾರದ ಪುರವಣಿಯಲ್ಲಿ ಅರ್ಧ ಕಾಲಂ ಕೊಡಿ. ವಾರಕ್ಕೆ ಒಂದು ತಂಡ, ಒಂದು ಚಿತ್ರ, ಕೇಳಲು ಎರಡು ಹಾಡಿನ ಹೆಸರು, ಸಾಕು. ಹಾಡಿನ ಬಗ್ಗೆ ಬರೆಯಲು ಬಲ್ಲವರು ಹುಬ್ಬಳ್ಳಿ ಧಾರವಾಡದಲ್ಲಿ ಬೇಕಾದಷ್ಟು ಜನ ಇದ್ದಾರೆ. ಚಿತ್ರಗಳ ಬಗ್ಗೆ ಏನಾದರೂ ಬೇಕಾದರೆ ನಾನು ಹೇಳಬಲ್ಲೆ. ಆ ರೆಕಾರ್ಡಿನ ಕವರು ನೋಡಿ ನಾನು ಬಿಡಿಸಿದ ಏಳು ಟ್ರೇಸಿಂಗ್ ಹಾಳೆಗಳು ಇನ್ನೂ ಅಂಗಡಿಯಲ್ಲೇ ಇವೆ, ಫೋಟೋ ತೆಗೆದುಕೊಳ್ಳಲು ಕೊಡುತ್ತೇನೆ. ಬೆಳಿಗ್ಗೆ 10 ಗಂಟೆಗೆ ತೆರೆಯುತ್ತೇವೆ. ಗಣೇಶ ಚೌತಿ ಮುಗಿದ ಮೇಲೆ ಬಂದರೆ ಒಳ್ಳೆಯದು, ಅಲ್ಲಿಯವರೆಗೆ ಕೈತುಂಬ ಕೆಲಸವಿದೆ.

ಇಂತಿ,
ಸ್ಕ್ರೀನ್ ಪ್ರಿಂಟಿಂಗ್ ಕೆಲಸದ ಒಬ್ಬ ತಾಯಿ
ದಾಜಿಬಾನಪೇಟೆ, ಹುಬ್ಬಳ್ಳಿ